ಚೀಟಿ ಇಲ್ಲದ 13 ಗಂಟೆ

ಹಾವೇರಿಯ ಓದುಗರೊಬ್ಬರ ಪತ್ರ: ರೈತರ ಸಭೆಗೆಂದು ಬೆಂಗಳೂರಿಗೆ ಹೊರಟಿದ್ದ ಇವರ ಬಸ್ಸನ್ನು ಬೆಳಗಿನ ಜಾವ 4ಕ್ಕೆ ಪೊಲೀಸರು ತಡೆದರು. ಎಲ್ಲರನ್ನೂ ಕಲ್ಯಾಣ ಮಂಟಪವೊಂದರಲ್ಲಿ ಕೂಡಿಹಾಕಿ, ಸಭೆ ಮುಗಿದ ಮೇಲೆ, ಸಂಜೆ 5ಕ್ಕೆ ಬಿಟ್ಟರು. ಉಪ್ಪಿಟ್ಟು ಕೊಟ್ಟರು, ಕಾಗದ ಕೊಡಲಿಲ್ಲ. ‘ದೇಶದೊಳಗೆ ಓಡಾಡುವ ಹಕ್ಕು ನನಗಿಲ್ಲವೇ? ಕೋರ್ಟಿಗೆ ಹೋದರೆ ಪರಿಹಾರ ಸಿಕ್ಕೀತೇ?’

ಹಕ್ಕೇನೋ ಇದೆ ಸ್ವಾಮಿ, ಸಂವಿಧಾನದ 19(1)(ಡಿ) ವಿಧಿ. ಆದರೆ ಅದೊಂದನ್ನೇ ನೆಚ್ಚಿಕೊಂಡು ಹೋಗಬೇಡಿ. ‘ಸಾರ್ವಜನಿಕ ಹಿತಕ್ಕಾಗಿ ತಡೆದೆವು’ ಎನ್ನಲು ಸರ್ಕಾರಕ್ಕೆ 19(5)ರಲ್ಲಿ ದಾರಿಯಿದೆ. ರಸ್ತೆ ಮುಚ್ಚುವುದು ಬೇರೆ, ಮನುಷ್ಯನನ್ನು ಕೂಡಿಹಾಕುವುದು ಬೇರೆ. ನಿಮ್ಮ ಕೇಸಿನ ಜೀವ ಎರಡನೆಯದರಲ್ಲಿದೆ. ಅದಕ್ಕೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ, ಬಂಧಿತರ ಹಕ್ಕುಗಳ 22ನೇ ವಿಧಿಗಳನ್ನೇ ಹಿಡಿಯಬೇಕು.

ನಿಮ್ಮ ಕಥೆಯನ್ನೇ ಹೋಲುವ ಪ್ರಕರಣವೊಂದಿದೆ. ಜಮ್ಮು–ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ವಿಧಾನಸಭೆಯಿಂದ ಅಮಾನತು ಮಾಡಿದ್ದರು. 1985ರ ಸೆಪ್ಟೆಂಬರ್ 9ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಂದೇ ರಾತ್ರಿ ಜಮ್ಮುವಿನಿಂದ ಶ್ರೀನಗರಕ್ಕೆ ಹೊರಟವರನ್ನು ಕಾಜಿಗುಂಡ್ ಬಳಿ ನಸುಕಿನ 3ಕ್ಕೆ ಹಿಡಿದರು. ಅವರನ್ನು ಮುಂದೆ ನಿಲ್ಲಿಸದೆಯೇ, ಕಚೇರಿ ವೇಳೆ ಮುಗಿದ ಮೇಲೆ ಮ್ಯಾಜಿಸ್ಟ್ರೇಟರ ಮನೆಗೇ ಹೋಗಿ ಪೊಲೀಸರು ರಿಮ್ಯಾಂಡ್ (ವಶದಲ್ಲಿಡುವ ಆದೇಶ) ಬರೆಸಿಕೊಂಡು ಬಂದಿದ್ದರು. (ಇಂಥ ಕೆಲಸಕ್ಕೆ ನಮ್ಮ ವ್ಯವಸ್ಥೆಗೆ ರಾತ್ರಿ ನಿದ್ದೆಯೇ ಬರುವುದಿಲ್ಲ.) ಅಧಿವೇಶನ ತಪ್ಪಿತು. ಬಿಡುಗಡೆಯಾಯಿತಲ್ಲ, ಇನ್ನೇನು ಎಂದು ಸುಪ್ರೀಂ ಕೋರ್ಟ್ ಕೈತೊಳೆದುಕೊಳ್ಳಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ 50,000 ರೂಪಾಯಿ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ‘ಸರ್ಕಾರದ ಮೇಲೆ ದಾವೆ ನಡೆಯದು’ ಎಂಬ ಹಳೆಯ ವಾದ ಮೂಲಭೂತ ಹಕ್ಕಿನ ವಿಷಯದಲ್ಲಿ ನಿಲ್ಲುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ 1993ರ ನೀಲಾಬತಿ ಬೆಹೆರಾ ತೀರ್ಪಿನಲ್ಲಿ ಖಚಿತವಾಯಿತು.

ಪೊಲೀಸರು ಏನು ಹೇಳುತ್ತಾರೆಂದು ಈಗಲೇ ಹೇಳಿಬಿಡುತ್ತೇನೆ. ‘ಮುನ್ನೆಚ್ಚರಿಕೆಯ ಬಂಧನ, 24 ಗಂಟೆ ಮೀರಿಲ್ಲ.’ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 170ನೇ ಕಲಂ ಅಷ್ಟಕ್ಕೆ ಅವಕಾಶ ಕೊಡುತ್ತದೆ, ನಿಜ. ಆದರೆ ನೀವು ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧಕ್ಕೆ ಸಂಚು ಮಾಡಿದ್ದೀರೆಂದು ಅವರಿಗೆ ತಿಳಿದಿರಬೇಕು. ಹಸಿರು ಶಾಲು ಹೊದ್ದು ಬಸ್ಸಿನಲ್ಲಿ ಕೂತದ್ದು ಸಂಚಲ್ಲ. ಬಂಧನವೇ ಆಗಿದ್ದರೆ ಅದನ್ನು ದಾಖಲಿಸುವ ಮೆಮೊ ಎಲ್ಲಿ? ಇಲ್ಲವೆಂದಾದರೆ ಬಾಗಿಲಲ್ಲಿ ಕಾವಲೇಕೆ?

ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ‘ನಾವು ತಡೆದೇ ಇಲ್ಲ’ ಎಂದು ಪೊಲೀಸರು ಹಟ ಹಿಡಿದರೆ, ಸಿವಿಲ್ ಕೋರ್ಟಿಗೆ ಹೋಗಿ ಎಂದು ಹೈಕೋರ್ಟ್ ಹೇಳಬಹುದು. ಅಲ್ಲಿ ಕೇಳಿದ ಮೊತ್ತದ ಮೇಲೆ ಶುಲ್ಕ, ಮೊದಲು 2 ತಿಂಗಳ ನೋಟಿಸ್. ಆದ್ದರಿಂದ ಟಿಕೆಟ್, ಮಂಟಪದಲ್ಲಿ ತೆಗೆದ ಫೋಟೊ, ಜತೆಗಿದ್ದವರ ಸಹಿ ಎಲ್ಲ ಕೂಡಿಸಿಡಿ. ದೊಡ್ಡ ಮೊತ್ತದ ಆಸೆ ಬೇಡ.

ಅಕ್ರಮ ಬಂಧನದ ಪರಿಹಾರಕ್ಕೆ ಸಿವಿಲ್ ದಾವೆ ಹೂಡಲು ಇರುವ ಅವಧಿ, ಬಿಟ್ಟ ದಿನದಿಂದ ಒಂದೇ ವರ್ಷ. ನಿಮ್ಮ ಪತ್ರದಲ್ಲಿ ಉಪ್ಪಿಟ್ಟಿನ ಪ್ರಸ್ತಾಪವಿದೆ, ತಾರೀಖಿಲ್ಲ.