ಅಲೆನ್ ಹೈಸ್ಕೂಲಿನ 6 ಕೋಟಿ ಡಾಲರ್ ಸ್ಟೇಡಿಯಂ ಎರಡೇ ವರ್ಷಕ್ಕೆ ಮುಚ್ಚಿದ್ದೇಕೆ?

ಬಿರುಕು ಬಿಟ್ಟಿದ್ದಕ್ಕೆ. ಅದಕ್ಕಿಂತ ಹೆಚ್ಚಾಗಿ, ಬಿರುಕಿನ ಕಾರಣ ಹುಡುಕಲು ಹೋದಾಗ ವಿನ್ಯಾಸದ ತಪ್ಪೇ ಸಿಕ್ಕಿದ್ದಕ್ಕೆ.

ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಅಲೆನ್ ಊರಿನ ಮತದಾರರು 2009ರಲ್ಲಿ 11.9 ಕೋಟಿ ಡಾಲರ್ ಬಾಂಡ್‌ಗೆ, ಅಂದರೆ ತಮ್ಮ ತೆರಿಗೆಯಿಂದ ತೀರಿಸುವ ಸಾಲಕ್ಕೆ, ಒಪ್ಪಿದರು. ಅದರಲ್ಲೇ ಈಗಲ್ ಸ್ಟೇಡಿಯಂ ಎದ್ದಿತು: 18,000 ಆಸನ, 2012ರಲ್ಲಿ ಉದ್ಘಾಟನೆ. ಇಲ್ಲಿ ಆಡುವುದು ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.

ಬಿರುಕು ಬಿಟ್ಟಿದ್ದು ಕಾನ್‌ಕೋರ್ಸ್, ಅಂದರೆ ತಿಂಡಿ ಅಂಗಡಿ, ಶೌಚಾಲಯಗಳಿಗೆ ಜನ ಓಡಾಡುವ ಎತ್ತರದ ಕಾಂಕ್ರೀಟ್ ಹಾದಿ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, 10 ಮೀಟರಿಗೆ ಸುಮಾರು 5 ಮಿಲಿಮೀಟರ್. ಹಾಗಾಗಿ ಕೂದಲೆಳೆಯ ಬಿರುಕು ಮಾಮೂಲು. ಇಲ್ಲಿ ಕೆಲವು ಕಡೆ ಮುಕ್ಕಾಲು ಇಂಚು ಅಗಲವಾಗಿತ್ತು, ಬೆರಳೇ ತೂರುವಷ್ಟು! 2014ರ ಫೆಬ್ರವರಿಯಲ್ಲಿ ಬೀಗ ಹಾಕಿ ತಪಾಸಣೆ ಮಾಡಿಸಿದಾಗ, ಕೆಲವು ಆಧಾರಗಳನ್ನು ನಿಯಮ ಕೇಳುವಷ್ಟು ಭಾರಕ್ಕೆ ವಿನ್ಯಾಸ ಮಾಡಿಯೇ ಇರಲಿಲ್ಲ ಎಂದು ಗೊತ್ತಾಯಿತು. ಇಂಥ ಹಾದಿಗೆ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 490 ಕಿಲೋ ಜನಭಾರ ಲೆಕ್ಕ ಹಿಡಿಯುತ್ತಾರೆ. ಅತಿಯೆನಿಸಬಹುದು, ಆದರೆ ಮಧ್ಯಂತರದಲ್ಲಿ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಬಿರುಕಿಗೆ ಬರೀ ತೇಪೆ ಹಾಕಿ ಪ್ರಯೋಜನವಿರಲಿಲ್ಲ, ಆಧಾರಗಳನ್ನೇ ಬಲಪಡಿಸಬೇಕಿತ್ತು.

ದುರಸ್ತಿಯ ಖರ್ಚು ವಿನ್ಯಾಸಕರು ಮತ್ತು ಗುತ್ತಿಗೆದಾರರ ತಲೆಗೆ ಬಿತ್ತು. 2015ರಲ್ಲಿ ಸ್ಟೇಡಿಯಂ ಮತ್ತೆ ತೆರೆಯಿತು. ತವರು ಮೈದಾನವಿಲ್ಲದ 2014ರಲ್ಲೂ ಅಲೆನ್ ತಂಡ ರಾಜ್ಯ ಚಾಂಪಿಯನ್ ಆಯಿತು, ಅದೂ ಸತತ ಮೂರನೇ ಸಲ.