ನಿಧಿಗೊಬ್ಬ ಗಿರಾಕಿ ಬೇಕು

ಪ್ರಶ್ನೆ: ಮಾನ್ಯರೇ, ಕಾರವಾರದ ಕೋಡಿಬಾಗದಲ್ಲಿ ನಾವು ಐವರು ಗೆಳೆಯರು ಪ್ರತಿ ಶನಿವಾರ ರಾತ್ರಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬ ಕಥೆ ಹೇಳುತ್ತ ಆಟ ನಡೆಸಬೇಕು, ಉಳಿದವರು ಆ ಕಥೆಯ ಪಾತ್ರಗಳಾಗಿ ಗುಹೆ ಹೊಕ್ಕು ನಿಧಿ ಹುಡುಕಬೇಕು. ನಡೆಸುವ ಹೊಣೆ ನನ್ನದು. ಮಂತ್ರದ ಕತ್ತಿಯೋ ಉಂಗುರವೋ ಸಿಕ್ಕರೆ ನಾಲ್ವರೂ ಮುಗಿಬೀಳುತ್ತಾರೆ. ಮಂತ್ರವಿಲ್ಲದ ಒಡವೆ, ರತ್ನ, ವಿಗ್ರಹ ಸಿಕ್ಕರೆ ಮಾತ್ರ ‘ಎಷ್ಟಾಗುತ್ತದೆ, ಬರೆದುಕೋ’ ಎಂದು ಮುಂದೆ ಹೋಗುತ್ತಾರೆ. ಸಾದಾ ನಿಧಿಯ ಮೇಲೆ ಅವರಿಗೆ ಆಸೆ ಹುಟ್ಟಿಸುವುದು ಹೇಗೆ?
— ಓದುಗರೊಬ್ಬರು, ಕಾರವಾರ

ಉತ್ತರ: ತಪ್ಪು ನಿಮ್ಮ ಗೆಳೆಯರದಲ್ಲ. ‘250 ಚಿನ್ನದ ನಾಣ್ಯ ಬಾಳುವ ಹಾರ’ ಎಂದು ನೀವೇ ಹೇಳಿಬಿಟ್ಟ ಮೇಲೆ ಹಾರವನ್ನು ನೋಡುವ ಗೋಜಿಗೆ ಯಾರು ಹೋಗುತ್ತಾರೆ? ನಮ್ಮ ಶಿರಸಿ ಪೇಟೆಯಲ್ಲಿ ಅಡಿಕೆಯ ಚೀಲ ಬಿಚ್ಚಿ, ಅದು ರಾಶಿಯೋ ಚಾಲಿಯೋ ಬೆಟ್ಟೆಯೋ ಎಂದು ಕೈಯಲ್ಲಿ ಹಿಡಿದು ನೋಡದೆ ಯಾರೂ ದರ ಹೇಳುವುದಿಲ್ಲ. ನಿಧಿಯ ಬೆಲೆಯನ್ನೂ ಕೊಳ್ಳುವವನ ಬಾಯಿಂದಲೇ ಹೇಳಿಸಿ. ಆತ ಸಿಗುವ ತನಕ ಆಟಗಾರರ ಕೈಯಲ್ಲಿ ವಸ್ತುವಿರಲಿ, ಅಂಕಿ ಬೇಡ.

ಚಿನ್ನದ ಮೇಲಿನ ಈ ಉದಾಸೀನಕ್ಕೆ ಆಟದ ಇತಿಹಾಸದಲ್ಲೂ ಒಂದು ಕಾರಣವಿದೆ. 1974ರಲ್ಲಿ ಪ್ರಕಟವಾದ ಈ ಆಟದ ಹಳೆಯ ನಿಯಮಗಳಲ್ಲಿ ಗುಹೆಯಿಂದ ಹೊರತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅನುಭವಾಂಕ ಸಿಗುತ್ತಿತ್ತು. ಪಾತ್ರ ಬೆಳೆಯುತ್ತಿದ್ದದ್ದೇ ಮುಖ್ಯವಾಗಿ ಆ ಗಂಟಿನಿಂದ. 2014ರ ಐದನೆಯ ಆವೃತ್ತಿಯ ಹೊತ್ತಿಗೆ ಆ ಕೊಂಡಿ ಕಳಚಿದೆ. ಹಾಗಾಗಿ ಹಣಕ್ಕೆ ನೀವೇ ಒಂದು ಖರ್ಚಿನ ದಾರಿ ತೋರಿಸಬೇಕು: ದುರಸ್ತಿಗೆ ಕಾದಿರುವ ಹಡಗು, ಅಡವಿಟ್ಟ ಮನೆ, ಹೀಗೆ ಯಾವುದಾದರೂ ಒಂದು.

ಇನ್ನು ನನಗೆ ಬಹಳ ಪ್ರಿಯವಾದ ನಿಧಿಯೆಂದರೆ ಕಾಳುಮೆಣಸು. ಐದನೆಯ ಆವೃತ್ತಿಯ ವ್ಯಾಪಾರದ ಪಟ್ಟಿಯಲ್ಲಿ ಒಂದು ಪೌಂಡ್ ಮೆಣಸಿಗೆ 2 ಚಿನ್ನದ ನಾಣ್ಯ, ಅಂದರೆ ಒಂದು ಕುರಿಯ ಬೆಲೆ. 50 ನಾಣ್ಯ ಸೇರಿದರೆ ಒಂದು ಪೌಂಡ್ ತೂಕ. 2,000 ನಾಣ್ಯದ ಗಂಟು 40 ಪೌಂಡಿನದು, ಒಬ್ಬನೇ ಹೊತ್ತು ನಡೆಯಬಹುದು. ಅದೇ ಬೆಲೆಯ ಮೆಣಸಾದರೆ 1,000 ಪೌಂಡ್, ಸುಮಾರು 450 ಕಿಲೋ. ಆಟದ ಅಳತೆಯಲ್ಲಿ ಶಕ್ತಿ 10, ಅಂದರೆ ಸಾಧಾರಣ ಮನುಷ್ಯನಷ್ಟು ಬಲ, ಇರುವ ಪಾತ್ರ ಹೊರಬಲ್ಲದ್ದು 150 ಪೌಂಡ್. ಅಂಥ ನಾಲ್ವರೂ ಬೇರೇನನ್ನೂ ಹೊರದೆ ಬೆನ್ನು ಬಗ್ಗಿಸಿದರೂ 400 ಪೌಂಡ್ ಗುಹೆಯಲ್ಲೇ ಉಳಿಯುತ್ತದೆ. ಈಗ ಲೆಕ್ಕ ಬರೆದುಕೊಂಡು ಮುಂದೆ ಹೋಗಲಾಗದು. ದೋಣಿ ಬೇಕು, ಅಂಬಿಗನಿಗೆ ಪಾಲು ಕೊಡಬೇಕು, ಅಳಿವೆಯ ಬಾಯಲ್ಲಿ ಸುಂಕದವನ ಕಣ್ಣು ತಪ್ಪಿಸಬೇಕು. ತಿಂಗಳು ಜೂನ್ ಎಂದರಂತೂ ಚೀಲಕ್ಕೆ ನೀರು ತಾಗಿ ಬೂಷ್ಟು ಹಿಡಿಯುವ ಭಯ ಬೇರೆ. ಇದೆಲ್ಲ ಕಲ್ಪನೆಯ ಅತಿರೇಕವೆಂದು ಯಾರಾದರೂ ನಕ್ಕರೆ, 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರೆಂಬುದನ್ನು ನೆನಪಿಸಿ. ಬಿಡುವಿದ್ದಾಗ ಗೆಳೆಯರನ್ನು ಕರೆದುಕೊಂಡು ಕುಮಟಾ ಹತ್ತಿರ ಆಕೆಯ ವಶದಲ್ಲಿದ್ದ ಮಿರ್ಜಾನ್ ಕೋಟೆಗೊಮ್ಮೆ ಹೋಗಿ ಬನ್ನಿ. ಗುಹೆಯ ನಕ್ಷೆ ಬರೆಯುವ ಶ್ರಮವೂ ಉಳಿದೀತು.

ಚಿಕ್ಕ ವಸ್ತುವಾದರೆ ಅದನ್ನು ಹತ್ತಿರದಿಂದ ತೋರಿಸಬೇಕು. ಗುಡಿಗಾರರ ಕೆತ್ತನೆಯಿರುವ ಅಂಗೈಯಗಲದ ಗಂಧದ ಪೆಟ್ಟಿಗೆ. ಮುಚ್ಚಳದ ಮೇಲಿನ ಆನೆಯ ಸೊಂಡಿಲು ಯಾರದೋ ಹೆಬ್ಬೆರಳು ಉಜ್ಜಿ ಉಜ್ಜಿ ಸವೆದಿದೆ. ಒಳಗೆ ಮುತ್ತಿನ ಬುಗುಡಿ, ಒಂದೇ ಒಂದು. ಅದರ ಜೋಡಿ ಎಲ್ಲಿ ಎಂಬ ಪ್ರಶ್ನೆಯನ್ನು ನೀವು ಎತ್ತಬೇಡಿ. ಎರಡು ವಾರ ಬಿಟ್ಟು, ಕಥೆಯಲ್ಲಿ ಊಟಕ್ಕೆ ಕರೆದ ಕೋಟೆಯ ಅಧಿಕಾರಿಯ ಹೆಂಡತಿಯ ಒಂದು ಕಿವಿಯಲ್ಲಿ ಅಂಥದೇ ಬುಗುಡಿಯಿದೆ, ಇನ್ನೊಂದು ಕಿವಿ ಬರಿದಾಗಿದೆ ಎಂದಷ್ಟೇ ಹೇಳಿ ಬಡಿಸುವುದನ್ನು ಮುಂದುವರಿಸಿ.

ತಾಮ್ರಶಾಸನವೂ ಒಳ್ಳೆಯ ನಿಧಿಯೇ. ಲೋಹವೆಂದು ತೂಗಿದರೆ ಅದಕ್ಕೆ ಬೆಲೆಯಿಲ್ಲ. ಆದರೆ ಒಂದು ಬಂದರಿನ ಸುಂಕವನ್ನು ಯಾರಿಗೋ ದತ್ತಿ ಬಿಟ್ಟದ್ದು ಅದರಲ್ಲಿ ಬರೆದಿದ್ದರೆ, ಈಗ ಆ ಸುಂಕ ತಿನ್ನುತ್ತಿರುವವನು ಅದನ್ನು ಕರಗಿಸಲು ಏನು ಬೇಕಾದರೂ ಕೊಟ್ಟಾನು. ನಮ್ಮ ದಾನಶಾಸನಗಳ ಕೊನೆಯಲ್ಲಿ, ದತ್ತಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಶ್ಲೋಕ ಹಲವೆಡೆ ಬರುತ್ತದೆ. ಅದನ್ನು ಗಟ್ಟಿಯಾಗಿ ಓದಿ. ಅದರಲ್ಲಿ ಮಂತ್ರವೇನೂ ಇಲ್ಲವೆಂದು ತಿಳಿದಿದ್ದರೂ ಕೈ ಹಿಂದೆಗೆಯುವ ಆಟಗಾರ ಒಬ್ಬನಾದರೂ ಇರುತ್ತಾನೆ.

ಸಿಕ್ಕ ಪ್ರತಿ ಚಮಚಕ್ಕೂ ಹೀಗೆ ಕಥೆ ಕಟ್ಟಲು ಹೋಗಬೇಡಿ, ಬೇಸರ ಬರುತ್ತದೆ. ಒಂದು ರಾತ್ರಿಗೆ ಒಂದು ವಸ್ತು ಸಾಕು, ಉಳಿದದ್ದು ನಾಣ್ಯವಾಗಿಯೇ ಇರಲಿ. ಈ ಶನಿವಾರ ಬುಗುಡಿಯಿಂದಲೇ ಆರಂಭಿಸಬಹುದು. ‘ಎಷ್ಟಾಗುತ್ತದೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಕ್ಕಸಾಲಿ ಇರುವುದು ಹೊಳೆಯಾಚೆಯ ಊರಿನಲ್ಲಿ, ಕಡವಿನ ದೋಣಿ ಬೆಳಗಾಗದೆ ಬಿಡುವುದಿಲ್ಲ ಎಂದು ಹೇಳಿ.