ಸಂಪಾದಕರ ಕೈಗೆ ಕೊಡುವ ಮುನ್ನ ಹಸ್ತಪ್ರತಿಯನ್ನು ಎಷ್ಟು ತಿದ್ದಬೇಕು?

ಪ್ರಶ್ನೆ: ಮೊದಲ ಕಾದಂಬರಿ ಬರೆದು ಮುಗಿಸಿದ್ದೇನೆ, ಸುಮಾರು 60,000 ಪದಗಳಿವೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಕಾಗುಣಿತ ನೋಡಿಕೊಂಡು ಕಳುಹಿಸಿದರೆ ಸಾಕೆ? ಉಳಿದದ್ದನ್ನು ಸಂಪಾದಕರೇ ತಿದ್ದುತ್ತಾರಲ್ಲವೇ?

ಉತ್ತರ: ತಿದ್ದುತ್ತಾರೆ, ಆದರೆ ಅವರ ಸಮಯ ನಿಮ್ಮ ಕಣ್ಣಿಗೆ ಬೀಳದ ದೋಷಗಳಿಗೆ ಉಳಿಯಬೇಕು. ಕಾಗುಣಿತವಂತೂ ಕೊನೆಯ ಕೆಲಸ. ಅಲ್ಲಿಂದಲೇ ಶುರು ಮಾಡಿದರೆ ಮುಂದೆ ಕಿತ್ತುಹಾಕಬೇಕಾದ ಅಧ್ಯಾಯವನ್ನೂ ತಿದ್ದಿ ತೀಡಿರುತ್ತೀರಿ. ಆಮೇಲೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ.

ಮೊದಲು ಮೂರ್ನಾಲ್ಕು ವಾರ ಹಸ್ತಪ್ರತಿಯನ್ನು ಮುಟ್ಟಬೇಡಿ. ನಂತರ ಮುದ್ರಿಸಿಕೊಂಡು, ಪೆನ್ನು ಹಿಡಿಯದೆ ಪೂರ್ತಿ ಓದಿ. ಓದಿ ಮುಗಿಸಿದ ಮೇಲೆ ಪ್ರತಿ ಅಧ್ಯಾಯಕ್ಕೂ ಎರಡು ಸಾಲು ಬರೆದುಕೊಳ್ಳಿ: ಇಲ್ಲಿ ಏನಾಯಿತು, ಅದರಿಂದ ಏನು ಬದಲಾಯಿತು. ಎರಡನೆಯ ಸಾಲು ಹುಟ್ಟದ ಅಧ್ಯಾಯ ಬೇರೊಂದರಲ್ಲಿ ಸೇರಬೇಕು, ಇಲ್ಲವೇ ಹೋಗಬೇಕು. ಮೊದಲ ಕಾದಂಬರಿಗಳಲ್ಲಿ ಇಂಥದ್ದು ಹೆಚ್ಚಾಗಿ ಆರಂಭದಲ್ಲೇ ಸಿಗುತ್ತದೆ. ವಂಶಾವಳಿ, ಬಾಲ್ಯ, ಊರಿನ ವರ್ಣನೆ ಎಲ್ಲ ಮುಗಿದ ಮೇಲೆ ಕತೆ ಹೊರಡುತ್ತದೆ.

ಕತೆಯ ಕಟ್ಟು ನಿಂತ ಮೇಲೆ ಪಾತ್ರಗಳ ಪಟ್ಟಿ ಮಾಡಿ: ಹೆಸರಿನ ಕಾಗುಣಿತ, ವಯಸ್ಸು, ಘಟನೆಗಳ ವರ್ಷ, ಯಾರು ಯಾರನ್ನು ಏನೆಂದು ಕರೆಯುತ್ತಾರೆ. ಈ ಕೊನೆಯದನ್ನು ಹಗುರವಾಗಿ ಕಾಣಬೇಡಿ. ಮೂರನೆಯ ಅಧ್ಯಾಯದಲ್ಲಿ ಅತ್ತೆಗೆ ‘ನೀವು’ ಎನ್ನುವ ಸೊಸೆ ಹತ್ತರಲ್ಲಿ ‘ನೀನು’ ಎಂದರೆ, ನಡುವೆ ಏನೋ ನಡೆದಿದೆ ಎಂದೇ ಓದುಗರು ಹುಡುಕುತ್ತಾರೆ. ನಿರೂಪಣೆಯಲ್ಲೂ ಅಷ್ಟೇ, ಮೇಷ್ಟರು ಒಂದು ಕಡೆ ‘ಬಂದರು’, ಇನ್ನೊಂದು ಕಡೆ ‘ಬಂದ’ ಆಗಬಾರದು.

ವಾಕ್ಯಗಳನ್ನು ಗಟ್ಟಿಯಾಗಿ ಓದಿಯೇ ತಿದ್ದಿ. ‘ಅವನು ಒಳಗೆ ಬಂದಾಗ ಅವನ ಕೈಯಲ್ಲಿದ್ದ ಚೀಲ ನೋಡಿ ಅವನಿಗೆ ಗಾಬರಿಯಾಯಿತು.’ ಯಾರ ಕೈ, ಯಾರ ಗಾಬರಿ? ‘ರಾಜಣ್ಣ ಒಳಗೆ ಬಂದ. ಅವನ ಕೈಯಲ್ಲಿದ್ದ ಚೀಲ ನೋಡಿ ಶೀನನಿಗೆ ಗಾಬರಿಯಾಯಿತು’ ಎಂದರೆ ಗೊಂದಲವಿಲ್ಲ. ಬರೆದವರ ಕಣ್ಣು ಇಂಥ ಕಡೆ ಸಲೀಸಾಗಿ ದಾಟಿಬಿಡುತ್ತದೆ; ನಾಲಿಗೆ ಎಡವುತ್ತದೆ.

ಇನ್ನು ಫೈಲ್. ನುಡಿಯ ಹಳೆಯ ಆಸ್ಕಿ ಫಾಂಟ್ ಬಳಸಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡ್‌ಗೆ, ಅಂದರೆ ಆ ಫಾಂಟ್ ಇಲ್ಲದ ಕಡೆಯೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೆಡುವುದುಂಟು. ಹಾಗಾಗಿ ಕಾಗುಣಿತ ನೋಡುವುದು ಇದಾದ ಮೇಲೆ. ಪ್ರಕಾಶಕರು ಬೇರೆ ನಿಯಮ ಕೊಟ್ಟಿಲ್ಲವಾದರೆ ಎ4 ಪುಟ, 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಅಂತರ, ಸುತ್ತ ಒಂದಿಂಚು ಅಂಚು, ಪುಟಸಂಖ್ಯೆ ಇರಲಿ. ಹೊಸ ಅಧ್ಯಾಯವನ್ನು ಎಂಟರ್ ಒತ್ತಿ ಒತ್ತಿ ಕೆಳಗೆ ತಳ್ಳಬೇಡಿ, ಪೇಜ್ ಬ್ರೇಕ್ ಹಾಕಿ. ಇಲ್ಲದಿದ್ದರೆ ಮೇಲೆ ನಾಲ್ಕು ಸಾಲು ತೆಗೆದೊಡನೆ ಮುಂದಿನ ಶೀರ್ಷಿಕೆ ಜರುಗುತ್ತದೆ.

ಜೊತೆಗೆ ಒಂದು ಪುಟದ ಕಥಾಸಾರ ಕೊಡಿ, ಅಂತ್ಯವನ್ನು ಮುಚ್ಚಿಡದೆ. ಸಂಭಾಷಣೆ ಆಡುಮಾತಿನಲ್ಲಿದ್ದರೆ ‘ಬಂದಾನ’, ‘ಹೋಗ್ಯಾಳ’ ಎಂಬವು ಬೇಕೆಂದೇ ಬರೆದ ರೂಪಗಳು ಎಂದು ಮೊದಲ ಪುಟದಲ್ಲೇ ಟಿಪ್ಪಣಿ ಹಾಕಿ. ಅದಿಲ್ಲದಿದ್ದರೆ ಕರಡು ತಿದ್ದುವವರು ಅವನ್ನು ತಪ್ಪೆಂದು ಭಾವಿಸಿ ಗ್ರಾಂಥಿಕಕ್ಕೆ ತಿರುಗಿಸಿಬಿಡಬಹುದು.